ಮಳೆಗಾಲದ ಘಟ್ಟದಲ್ಲಿ ಭಾರದ ಲಾರಿ ಜಾರದಂತೆ ಓಡಿಸುವುದು ಹೇಗೆ: ಟೈರಿನಿಂದ ತಿರುವಿನವರೆಗೆ

ಮೃಗಶಿರಾ ಮಳೆ ಹಿಡಿದ ವಾರದಲ್ಲಿ ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ತರ ಇರುತ್ತವೆ. “ಅಣ್ಣ, ಟೈರು ಹೊಸದು, ಬ್ರೇಕೂ ಸರಿ ಇದೆ. ಆದ್ರೂ ಅರಬೈಲಿನ ತಿರುವಿನಲ್ಲಿ ಹಿಂದಿನ ಚಕ್ರ ಜಾರಿ ಗಾಡಿ ಅಡ್ಡ ಬಂತು.” ಇನ್ನೊಬ್ಬರದ್ದು ದೇವಿಮನೆ. ಅರ್ಧ ಏರಿನಲ್ಲಿ ಚಕ್ರ ನಿಂತಲ್ಲೇ ತಿರುಗುತ್ತಿದೆ, ಹಿಂದೆ ಗಾಡಿಗಳ ಸಾಲು. ಕೇಳುತ್ತಾ ಹೋದರೆ ತಪ್ಪು ಜಾರಿದ ಜಾಗದಲ್ಲಿ ಆಗಿರುವುದಿಲ್ಲ. ಬೆಳಗ್ಗೆ ಗಾಳಿ ಕಡಿಮೆ ಮಾಡಿಕೊಂಡು ಹೊರಟಿರುತ್ತಾರೆ. ಇಲ್ಲವೇ ತಿರುವಿನ ಒಳಗೆ ಹೋದ ಮೇಲೆ ಗೇರ್ ಇಳಿಸಿರುತ್ತಾರೆ. ಕೆಲಸ ಎಲ್ಲರಿಗೂ ಗೊತ್ತು, ಮಾಡುವ ಕ್ರಮ ಮಾತ್ರ ಹಿಂದುಮುಂದಾಗಿರುತ್ತದೆ.

ಅದಕ್ಕೇ ಕ್ರಮವಾಗಿ ಬರೆಯುತ್ತಿದ್ದೇನೆ. ಇದು ಆರು, ಹತ್ತು, ಹನ್ನೆರಡು ಚಕ್ರದ ಲಾರಿ ಓಡಿಸುವವರಿಗೆ. ಅಂಕೋಲಾ–ಯಲ್ಲಾಪುರದ ಅರಬೈಲ್, ಕುಮಟಾ–ಶಿರಸಿಯ ದೇವಿಮನೆ, ಹೊನ್ನಾವರದಿಂದ ಮೇಲೆ ಹತ್ತುವ ಗೇರುಸೊಪ್ಪೆ ಘಟ್ಟ, ಕೆಳಗೆ ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿ 66, ಈ ರಸ್ತೆಗಳನ್ನೇ ಕಣ್ಣ ಮುಂದೆ ಇಟ್ಟುಕೊಂಡಿದ್ದೇನೆ.

ಶುರು ಮಾಡುವ ಮೊದಲು ಒಂದು ಲೆಕ್ಕ ತಲೆಯಲ್ಲಿ ಇರಲಿ. ಒಣ ಡಾಂಬರಿನ ಮೇಲೆ ಟೈರಿನ ಹಿಡಿತವನ್ನು ಸುಮಾರು 0.7 ಎಂದು ಹಿಡಿಯುತ್ತಾರೆ. ಒದ್ದೆ ಡಾಂಬರಿನಲ್ಲಿ ಅದು 0.4ರ ಆಸುಪಾಸಿಗೆ ಇಳಿಯುತ್ತದೆ. ಹಿಮಾಲಯದ ಕಡೆ ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ 0.1. ಅಂದರೆ ಮಳೆಯಲ್ಲಿ ನಿಮ್ಮ ಕೈಯಲ್ಲಿರುವುದು ಬೇಸಿಗೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬ್ರೇಕ್ ಹಾಕುವುದು, ತಿರುಗಿಸುವುದು, ಎಳೆಯುವುದು ಮೂರೂ ಅದೇ ಒಂದು ಕೊಡದಿಂದ ನೀರು ಸೇದುತ್ತವೆ. ತಿರುವಿನಲ್ಲಿ ಬ್ರೇಕನ್ನೂ ಒತ್ತಿದರೆ ಕೊಡ ಬರಿದಾಗುತ್ತದೆ. ಕೆಳಗಿನ ಎಲ್ಲ ಹಂತಗಳೂ ಆ ಕೊಡವನ್ನು ತುಂಬಿ ಇಡುವುದಕ್ಕೆ, ಒಂದು ಸಲಕ್ಕೆ ಒಂದೇ ಕೆಲಸಕ್ಕೆ ಖರ್ಚು ಮಾಡುವುದಕ್ಕೆ.

## ಹಂತ 1: ಮೃಗಶಿರಾ ಮಳೆಗೆ ಮೊದಲೇ ಟೈರು ನೋಡಿ

ಮೇ ಕೊನೆಯೊಳಗೆ ಈ ಕೆಲಸ ಮುಗಿಯಬೇಕು. ಜೂನಿನಲ್ಲಿ ಟೈರ್ ಅಂಗಡಿ ಮುಂದೆ ಸಾಲು ನಿಂತಾಗ ಯಾರೂ ಸರಿಯಾಗಿ ನೋಡಿ ಹಾಕಿಕೊಡುವುದಿಲ್ಲ.

ಮೊದಲು ತೋಡಿನ ಆಳ. ತೋಡು ಅಂದರೆ ಟೈರಿನ ಮೇಲಿನ ಗೆರೆ, ನೀರು ಹೊರಹೋಗುವ ಕಾಲುವೆ. ಕಾನೂನಿನ ಪ್ರಕಾರ ಲಾರಿಗೆ 1.6 ಮಿಲಿಮೀಟರ್ ಉಳಿದಿದ್ದರೆ ಸಾಕು. ಘಟ್ಟದ ಮಳೆಗೆ ಅದು ಸಾಲದು. ನಾನು ಮುಂದಿನ ಎರಡು ಟೈರಿಗೆ 4 ಮಿಲಿಮೀಟರ್, ಹಿಂದಿನದಕ್ಕೆ 3 ಮಿಲಿಮೀಟರ್ ಎಂದು ಗೆರೆ ಹಾಕಿಕೊಂಡಿದ್ದೇನೆ. ಅದಕ್ಕಿಂತ ಕೆಳಗಿಳಿದ ಟೈರನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುವುದಿಲ್ಲ.

ಅಳತೆಗೆ ಗೇಜ್ ಇಲ್ಲದಿದ್ದರೆ ಬೆಂಕಿಕಡ್ಡಿ ಸಾಕು. ಕಡ್ಡಿಯನ್ನು ನೇರವಾಗಿ ತೋಡಿನೊಳಗೆ ಇಳಿಸಿ. ತಳ ಮುಟ್ಟಿದ ಮೇಲೆ ರಬ್ಬರಿನ ಮಟ್ಟಕ್ಕೆ ಸರಿಯಾಗಿ ಹೆಬ್ಬೆರಳಿನ ಉಗುರು ಒತ್ತಿ ಗುರುತು ಮಾಡಿ. ಹೊರಗೆ ತೆಗೆದು ಮಕ್ಕಳ ಸ್ಕೇಲಿನ ಮೇಲೆ ಇಡಿ. ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ. ಒಳಅಂಚು, ನಡು, ಹೊರಅಂಚು ಮೂರೂ ಕಡೆ ನೋಡಿ. ಒಳಅಂಚು ಕಣ್ಣಿಗೆ ಬೀಳುವುದಿಲ್ಲ, ಅಲ್ಲೇ ಬೋಳಾಗಿರುತ್ತದೆ.

ಸವೆತ ಓದಲು ಬಂದರೆ ಗಾಡಿಯ ರೋಗ ಗೊತ್ತಾಗುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ ಬೇರಿಂಗ್ ಇಲ್ಲವೇ ಪಾಟಾ (ಸ್ಪ್ರಿಂಗ್ ಪಟ್ಟಿ) ನೋಡಿಸಿ. ಕಾರಣ ಸರಿ ಮಾಡದೆ ಹೊಸ ಟೈರ್ ಹಾಕಿದರೆ ಆಶ್ಲೇಷಾ ಮಳೆಯ ಹೊತ್ತಿಗೆ ಅದೂ ಹಾಗೇ ಆಗಿರುತ್ತದೆ.

ಆಮೇಲೆ ವಯಸ್ಸು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚೊತ್ತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ತೋಡು ಆಳವಿದ್ದರೂ ಹಳೆ ರಬ್ಬರು ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯನ್ನು ಅದು ಕಚ್ಚುವುದಿಲ್ಲ. ಉಗುರು ಒತ್ತಿದರೆ ಗುರುತೇ ಬೀಳದ, ಪಕ್ಕದಲ್ಲಿ ಕೂದಲೆಳೆಯ ಬಿರುಕು ಬಿಟ್ಟ ಟೈರನ್ನು ನಂಬಬೇಡಿ. ಸ್ಟೆಪ್ನಿಯದ್ದೂ ನೋಡಿ. ವರ್ಷಗಟ್ಟಲೆ ಬಿಸಿಲಿಗೆ ನೇತಾಡಿದ ಸ್ಟೆಪ್ನಿಯನ್ನು ಮಳೆಯಲ್ಲಿ ಮುಂದಕ್ಕೆ ಹಾಕಿ ಪೇಚಿಗೆ ಸಿಕ್ಕಿದವರು ತುಂಬ ಜನ.

ಯಾವುದು ಎಲ್ಲಿಗೆ? ಒಳ್ಳೆಯ ಎರಡು ಟೈರು ಮುಂದೆ ಇರಲಿ, ಅದೂ ಉದ್ದ ಗೆರೆಯ ರಿಬ್ ಟೈರು. ಸ್ಟೇರಿಂಗಿನ ಮಾತು ಕೇಳುವುದು ಆ ಎರಡೇ. ಹಳೆ ಟೈರಿಗೆ ಹೊಸ ರಬ್ಬರು ಅಂಟಿಸಿ ರೀಟ್ರೆಡ್ ಮಾಡಿದ್ದನ್ನು ಮುಂದೆ ಹಾಕಲೇಬೇಡಿ. ಎಳೆಯುವ ಹೌಸಿಂಗಿಗೆ, ಅಂದರೆ ಇಂಜಿನ್ ತಿರುಗಿಸುವ ಹಿಂದಿನ ಆಕ್ಸಲಿಗೆ, ಅಡ್ಡ ಗಟ್ಟಿಗಳಿರುವ ಲಗ್ ಟೈರು ಒಳ್ಳೆಯದು, ರಾಡಿಯಲ್ಲಿ ಅದು ಬಗೆದು ಹತ್ತುತ್ತದೆ. ಒಂದೇ ಆಕ್ಸಲಿನಲ್ಲಿ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಬೇಡ. ಬ್ರೇಕ್ ಹಾಕಿದಾಗ ಗಾಡಿ ಒಂದೇ ಕಡೆಗೆ ಎಳೆಯುತ್ತದೆ.

ಜೋಡಿ ಟೈರಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹೊರಗಿನದು ಹೊಸದು, ಒಳಗಿನದು ಸವೆದದ್ದು ಹಾಕಿದರೆ ಎತ್ತರದ ಟೈರೇ ಭಾರ ಹೊರುತ್ತದೆ. ಇನ್ನೊಂದು ಸುಮ್ನೆ ರಸ್ತೆ ಸವರುತ್ತಾ ಬರುತ್ತದೆ. ನಾಲ್ಕು ಟೈರಿಗೆ ದುಡ್ಡು ಕೊಟ್ಟು ಎರಡರ ಹಿಡಿತ ಪಡೆದ ಹಾಗೆ. ಜೋಡಿಯಲ್ಲಿ ವ್ಯಾಸದ ವ್ಯತ್ಯಾಸ ಕಾಲು ಇಂಚು ದಾಟದಂತೆ ನೋಡಿಕೊಳ್ಳಿ. ಒಂದು ಉದ್ದ ನೇರ ರೀಪನ್ನು ಎರಡೂ ಟೈರಿನ ಮೇಲೆ ಅಡ್ಡ ಇಟ್ಟರೆ ವಾಲುವುದು ಕಣ್ಣಿಗೇ ಕಾಣುತ್ತದೆ.

## ಹಂತ 2: ಗಾಳಿ ಕಡಿಮೆ ಮಾಡಬೇಡಿ

ನಾನು ಅತಿ ಹೆಚ್ಚು ಸಲ ಹೇಳಿ, ಅತಿ ಕಡಿಮೆ ಜನ ಕೇಳಿದ ಮಾತು ಇದು. ಮಳೆಗಾಲದಲ್ಲಿ ಗಾಳಿ ಸ್ವಲ್ಪ ಬಿಟ್ಟರೆ ಗ್ರಿಪ್ ಜಾಸ್ತಿ ಎಂದು ಹಿರಿಯ ಡ್ರೈವರುಗಳೇ ಹೇಳಿಕೊಟ್ಟಿರುತ್ತಾರೆ. ಮರಳಿನಲ್ಲಿ, ಗದ್ದೆಯ ಕೆಸರಿನಲ್ಲಿ ಅದು ನಿಜ. ಒದ್ದೆ ಡಾಂಬರು ಮತ್ತು ಕಾಂಕ್ರೀಟಿನ ಮೇಲೆ ಸುಳ್ಳು.

ಕಾರಣ ಇಷ್ಟೇ. ಟೈರು ರಸ್ತೆ ಮುಟ್ಟಬೇಕಾದರೆ ನಡುವಿನ ನೀರನ್ನು ಹಿಂಡಿ ಹೊರಗೆ ತಳ್ಳಬೇಕು. ಆ ಒತ್ತಡ ಗಾಳಿಯಿಂದ ಬರುತ್ತದೆ. ಗಾಳಿ ಕಡಿಮೆಯಾದರೆ ಟೈರಿನ ನಡುಭಾಗ ಒಳಕ್ಕೆ ತಗ್ಗುತ್ತದೆ, ತೋಡುಗಳು ಮುಚ್ಚಿಕೊಳ್ಳುತ್ತವೆ, ನೀರಿಗೆ ದಾರಿ ಇರುವುದಿಲ್ಲ. ಆಗ ಟೈರು ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲಲು ಶುರುವಾಗುತ್ತದೆ. ಜೊತೆಗೆ ಪಕ್ಕ ಮಡಚಿ ಮಡಚಿ ಬಿಸಿ ಏರುತ್ತದೆ. ಭಾರದ ಗಾಡಿಯಲ್ಲಿ ಅದು ಸಿಡಿಯುವುದಕ್ಕೆ ಹತ್ತಿರದ ದಾರಿ.

ನಿಮ್ಮ ಟೈರಿಗೆ ಎಷ್ಟು ಬೇಕು ಎನ್ನುವುದು ಟೈರಿನ ಅಳತೆ ಮತ್ತು ಆಕ್ಸಲಿನ ಭಾರದ ಮೇಲೆ ಹೋಗುತ್ತದೆ. ಕಂಪನಿಯ ಪಟ್ಟಿಯಲ್ಲಿ ಇರುವ ಅಂಕಿಯೇ ಸರಿ. ಸಾಮಾನ್ಯವಾಗಿ ಲಾರಿ ರೇಡಿಯಲ್‌ಗಳಿಗೆ 100ರಿಂದ 125 ಪಿಎಸ್‌ಐ ನಡುವೆ ಬರುತ್ತದೆ. ಗೇಜ್ ಇಟ್ಟು ನೋಡಿ. ಸ್ಪ್ಯಾನರಿನಲ್ಲಿ ಬಡಿದು ಶಬ್ದ ಕೇಳಿದರೆ ಖಾಲಿ ಟೈರು ಗೊತ್ತಾಗಬಹುದು, 20 ಪಿಎಸ್‌ಐ ಕಡಿಮೆ ಇದ್ದದ್ದು ಗೊತ್ತಾಗುವುದಿಲ್ಲ. ಬೆಳಗ್ಗೆ ತಣ್ಣಗಿದ್ದಾಗಲೇ ಅಳೆಯಿರಿ. ಓಡಿ ಬಿಸಿಯಾದ ಟೈರಿನಲ್ಲಿ ಗೇಜ್ ಜಾಸ್ತಿ ತೋರಿಸುತ್ತದೆ. ಜಾಸ್ತಿ ಇದೆ ಎಂದು ಬಿಟ್ಟರೆ ತಣ್ಣಗಾದಾಗ ಕಡಿಮೆ ಬಿದ್ದಿರುತ್ತದೆ. ಜೋಡಿಯ ಒಳಟೈರಿಗೆ ಕೈ ಹೋಗುವುದು ಕಷ್ಟ ಎಂದು ಬಿಡಬೇಡಿ, ವಾಲ್ವಿಗೆ ಉದ್ದ ಕೊಳವೆ ಹಾಕಿಸಿಕೊಳ್ಳಿ.

ಶಿರಸಿಯ ಅಡಿಕೆ ಲೋಡು ಹಿಡಿದು ದೆಹಲಿಗೆ ಹೋಗಿ, ಅಲ್ಲಿಂದ ಚಳಿಗಾಲದಲ್ಲಿ ಕಾಶ್ಮೀರದ ಕಡೆ ಬಾಡಿಗೆ ಸಿಕ್ಕಿತು ಎಂದು ಹೊರಡುವವರು ಇದನ್ನು ನೆನಪಿಡಿ. ಇಲ್ಲಿ 30 ಡಿಗ್ರಿಯಲ್ಲಿ 110 ಪಿಎಸ್‌ಐ ತುಂಬಿದ್ದು, ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಸುಮಾರು 94 ಆಗುತ್ತದೆ. ಟೈರು ಸೋರಿಲ್ಲ, ಒಳಗಿನ ಗಾಳಿ ಕುಗ್ಗಿದೆ ಅಷ್ಟೇ. ಅಲ್ಲಿ ನಿಂತು ಅಲ್ಲಿನ ಚಳಿಯಲ್ಲೇ ಅಳೆದು ತುಂಬಿಸಿ. ಹಿಮದ ಮೇಲೆ ಎಳೆಯುವ ಚಕ್ರಕ್ಕೆ ಚೈನು ಕಟ್ಟಬೇಕು. ಜಾರಿದ ಮೇಲೆ ಏರಿನಲ್ಲಿ ಕಟ್ಟಲು ಆಗುವುದಿಲ್ಲ, ಸಮತಟ್ಟು ಜಾಗ ನೋಡಿ ಮೊದಲೇ ಕಟ್ಟಿ.

## ಹಂತ 3: ಗಾಡಿಯಲ್ಲಿ ಇರಬೇಕಾದ ಸಾಮಾನು

ಗಾಳಿ ಗೇಜ್. ಚಕ್ರಕ್ಕೆ ಕೊಡಲು ಮೂಲೆ ಕಡಿದ ಎರಡು ಗಟ್ಟಿ ಮರದ ತುಂಡು. ರಸ್ತೆ ಬದಿಯ ಕಲ್ಲು ನಂಬಬೇಡಿ, ನಮ್ಮ ಕಡೆಯ ಚಿರೆಕಲ್ಲು ಭಾರಕ್ಕೆ ಪುಡಿಯಾಗುತ್ತದೆ. ನಾಲ್ಕೈದು ಒಣ ಗೋಣಿಚೀಲ. ಎರಡು ಚೀಲ ಸಣ್ಣ ಜಲ್ಲಿ, ಮೇಲೆ ಪ್ಲಾಸ್ಟಿಕ್ ಸುತ್ತಿ. ಗುದ್ದಲಿ, ಎಳೆಯುವ ಹಗ್ಗ, ಟಾರ್ಚ್, ಮಿನುಗುವ ತ್ರಿಕೋನ. ಇಷ್ಟಕ್ಕೂ ಜಾಗ ಇದ್ದೇ ಇರುತ್ತದೆ.

## ಹಂತ 4: ಹೊರಡುವ ಬೆಳಿಗ್ಗೆ

ಗಾಡಿ ಸುತ್ತ ಒಂದು ಸುತ್ತು ಬನ್ನಿ. ಜೋಡಿ ಟೈರಿನ ನಡುವೆ ಸಿಕ್ಕ ಕಲ್ಲು ತೆಗೆಯಿರಿ. ಕ್ವಾರಿಯಿಂದ ಬಂದವರಿಗೆ ಇದು ದಿನದ ಕೆಲಸ. ಟೈರಿನ ತೋಡುಗಳಲ್ಲಿ ಕೆಂಪು ಮಣ್ಣು ತುಂಬಿ ಗಟ್ಟಿಯಾಗಿದ್ದರೆ ಕೆರೆದು ಬಿಡಿಸಿ. ಮಣ್ಣು ತುಂಬಿದ ಹೊಸ ಟೈರೂ ರಸ್ತೆಗೆ ಬೋಳು ಟೈರೇ.

ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಿನಲ್ಲಿ ಕೂತ ನೀರು ಬಿಡಿ. ಮಳೆಗಾಲದಲ್ಲಿ ದಿನಾ ಬಿಡಬೇಕು. ಇಂಜಿನ್ ಚಾಲೂ ಮಾಡಿ ಒತ್ತಡ 8 ಬಾರ್ ಹತ್ತಿರ ಬರುವ ತನಕ ಕಾಯಿರಿ. ಬ್ರೇಕ್ ಒತ್ತಿ ಹಿಡಿದು ಮುಳ್ಳು ನೋಡಿ. ಒಂದು ನಿಮಿಷದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಅದನ್ನು ಘಟ್ಟಕ್ಕೆ ಒಯ್ಯಬೇಡಿ. ಗಾಳಿ ಪೂರ್ತಿ ಇಳಿದರೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಹಿಡಿದು ಹಿಂದಿನ ಚಕ್ರ ಲಾಕ್ ಆಗುತ್ತದೆ. ಒದ್ದೆ ತಿರುವಿನಲ್ಲಿ ಅದು ಆದರೆ ಗಾಡಿ ನಿಲ್ಲುವುದಿಲ್ಲ, ತಿರುಗುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ನ ದೀಪ ಉರಿಯುತ್ತಲೇ ಇದ್ದರೆ ಬಲ್ಬ್ ಕಿತ್ತು ಹಾಕುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಚಕ್ರದ ಹತ್ತಿರದ ಸೆನ್ಸರಿನಲ್ಲಿ ಮಣ್ಣು ಕೂತಿದ್ದರೂ ಹಾಗೆ ಉರಿಯುತ್ತದೆ, ತೊಳೆಸಿ ನೋಡಿ.

## ಹಂತ 5: ಲೋಡು

ಭಾರ ಹಿಂದಕ್ಕೆ ಕೂತರೆ ಮುಂದಿನ ಚಕ್ರ ಹಗುರಾಗಿ ಏರಿನಲ್ಲಿ ಸ್ಟೇರಿಂಗ್ ತೇಲಿದ ಹಾಗೆ ಆಗುತ್ತದೆ. ಒಂದು ಬದಿಗೆ ಕೂತರೆ ಆ ಬದಿಯ ಟೈರು ಸಾಯುತ್ತದೆ, ಇನ್ನೊಂದು ಬದಿ ಜಾರುತ್ತದೆ. ಮರಳು, ಮಣ್ಣು, ಹೊಟ್ಟಿನಂಥ ಲೋಡಿಗೆ ತಾರ್ಪಾಲು ಬಿಗಿಯಾಗಿರಲಿ. ಮಳೆ ನೀರು ಕುಡಿದು ಅದು ದಾರಿಯಲ್ಲೇ ಭಾರ ಏರಿಸಿಕೊಳ್ಳುತ್ತದೆ. ಮೀನಿನ ಕ್ರೇಟು ಸಾಗಿಸುವವರು ಕೆಳಗೆ ನೀರು ಹಿಡಿಯುವ ಟ್ಯಾಂಕು ಇಟ್ಟುಕೊಳ್ಳಿ. ಐಸ್ ಕರಗಿ ಸೋರುವ ಮೀನಿನ ನೀರಿನಲ್ಲಿ ಎಣ್ಣೆ ಅಂಶ ಇರುತ್ತದೆ. ತಿರುವಿನಲ್ಲಿ ಅದು ಬಿದ್ದರೆ ಹಿಂದೆ ಬರುವ ಬೈಕಿನವರ ಜೀವಕ್ಕೆ ಬರುತ್ತದೆ.

ಇನ್ನು ಖಾಲಿ ಗಾಡಿ. ಎಲ್ಲರೂ ಲೋಡು ಇದ್ದಾಗ ಹೆದರುತ್ತಾರೆ, ಖಾಲಿ ಇದ್ದಾಗ ಹಾರಿಸುತ್ತಾರೆ. ಒದ್ದೆ ರಸ್ತೆಯಲ್ಲಿ ಅದು ಉಲ್ಟಾ. ತುಂಬಿದ ಲಾರಿ ನೀರನ್ನು ಹಿಂಡಿ ರಸ್ತೆ ಮುಟ್ಟುತ್ತದೆ. ಖಾಲಿ ಲಾರಿಯ ಹಿಂದಿನ ಚಕ್ರದ ಮೇಲೆ ಭಾರವೇ ಇಲ್ಲ. ಹೆದ್ದಾರಿ 66ರ ಚತುಷ್ಪಥದಲ್ಲಿ ನೀರು ನಿಂತ ಕಡೆ ವೇಗದಲ್ಲಿ ಅದು ತೇಲಿ ಬಿಡಬಹುದು.

ನಾನು ಲಾರಿ ಹಿಡಿದ ಮೂರನೇ ಮಳೆಗಾಲ. ಹುಬ್ಬಳ್ಳಿಯಲ್ಲಿ ಲೋಡು ಇಳಿಸಿ ಖಾಲಿ ಗಾಡಿಯಲ್ಲಿ ಅರಬೈಲ್ ಇಳಿಯುತ್ತಿದ್ದೆ. ಜಿಟಿಜಿಟಿ ಮಳೆ. ಎಡ ತಿರುವಿನಲ್ಲಿ ಎಂದಿನಂತೆ ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಇಂಜಿನ್ನಿನಿಂದಲೇ ವೇಗ ಇಳಿಸುವ ಬ್ರೇಕ್) ಒತ್ತಿದೆ. ಹಿಂದಿನಿಂದ ಯಾರೋ ಬಾಡಿಯನ್ನು ಬಲಕ್ಕೆ ತಳ್ಳಿದ ಹಾಗಾಯಿತು. ಬಲಗಡೆಯ ಕನ್ನಡಿಯಲ್ಲಿ ನನ್ನದೇ ಗಾಡಿಯ ಹಿಂದಿನ ಚಕ್ರ ಕಾಣಿಸಿತು, ಕಾಣಬಾರದ ಜಾಗದಲ್ಲಿ. ಎದುರಿಗೆ ಗಾಡಿ ಇರಲಿಲ್ಲ, ಅದೊಂದೇ ನನ್ನ ಪುಣ್ಯ. ನಿಂತಾಗ ಬಲ ಹಿಂದಿನ ಜೋಡಿ ಟೈರಿನ ಹೊರಗಿನದು ರಸ್ತೆ ಅಂಚಿನ ಕಲ್ಲಿಗೆ ತಾಗಿತ್ತು. ಆಚೆ ಮರದ ತುದಿಗಳು ಮಾತ್ರ ಕಾಣುತ್ತಿದ್ದವು. ಕ್ಲೀನರ್ ಹುಡುಗ ಮಾತೇ ಆಡಲಿಲ್ಲ, ಇಳಿದು ಚಕ್ರಕ್ಕೆ ಮರ ಕೊಟ್ಟ.

ಎಕ್ಸಾಸ್ಟ್ ಬ್ರೇಕ್ ಎಳೆಯುವ ಚಕ್ರವನ್ನು ಮಾತ್ರ ಹಿಡಿಯುತ್ತದೆ. ಅದರ ಮೇಲೆ ಭಾರ ಇದ್ದಾಗ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಖಾಲಿ ಗಾಡಿ, ಒದ್ದೆ ತಿರುವು ಸೇರಿದರೆ ಅದೇ ಹಿಂಭಾಗವನ್ನು ಎತ್ತಿ ಎಸೆಯುತ್ತದೆ. ಖಾಲಿ ಇದ್ದಾಗ ತಿರುವಿಗೆ ಮೊದಲೇ ಅದನ್ನು ಆಫ್ ಮಾಡಿ, ಕೆಳಗಿನ ಗೇರಿನಲ್ಲಿ ನಿಧಾನ ಹೋಗಿ. ಎತ್ತುವ ಆಕ್ಸಲ್ ಇರುವ ಗಾಡಿಯಾದರೆ ಖಾಲಿ ಇದ್ದಾಗ ಎತ್ತಿಕೊಂಡೇ ಓಡಿಸಿ. ಆ ಭಾರ ಎಳೆಯುವ ಚಕ್ರಕ್ಕೆ ಸಿಗುತ್ತದೆ.

## ಹಂತ 6: ರಸ್ತೆ ಓದುವುದು

ಮೊದಲ ಮಳೆಯ ಮೊದಲ ಅರ್ಧ ಗಂಟೆ ಅತಿ ಕೆಟ್ಟದ್ದು. ನಾಲ್ಕೈದು ತಿಂಗಳ ಧೂಳು, ಡೀಸೆಲ್, ರಬ್ಬರಿನ ಪುಡಿ ಎಲ್ಲ ಸೇರಿ ತೆಳುವಾದ ಲೇಪ ಆಗುತ್ತದೆ. ಜೋರು ಮಳೆ ಬಂದು ತೊಳೆದ ಮೇಲೆ ರಸ್ತೆ ವಾಸಿ. ಹಾಗಾಗಿ ಬೇಸಿಗೆ ಮಳೆ ಹನಿಯಲು ಶುರುವಾದಾಗ ಘಟ್ಟದ ಬುಡದಲ್ಲಿದ್ದರೆ, ಒಂದು ಚಾ ಕುಡಿದು ಹತ್ತಿ.

ಮಳೆಗಾಲದ ನಡುವೆ ನೋಡಬೇಕಾದ ಜಾಗಗಳು ಬೇರೆ. ಬಿದಿರು ಮೆಳೆ ಇರುವ ತಿರುವಿನಲ್ಲಿ ಎಲೆ ಕೊಳೆತು ಜಿಗುಟಾಗಿರುತ್ತದೆ. ಗುಡ್ಡ ಕಡಿದ ಕಡೆ ನೀರು ಒಸರುವ ಜಾಗದಲ್ಲಿ ಪಾಚಿ. ಕಾಮಗಾರಿ ನಡೆಯುವಲ್ಲಿ ಟಿಪ್ಪರಿನ ಚಕ್ರ ತಂದು ಚೆಲ್ಲಿದ ಕೆಂಪು ರಾಡಿ. ಸೇತುವೆಯ ಕಬ್ಬಿಣದ ಜೋಡಣೆ, ರಸ್ತೆಗೆ ಬಳಿದ ಬಿಳಿ ಬಣ್ಣದ ಪಟ್ಟಿ. ಹಿಮ್ಮುರಿ ತಿರುವಿನ ಒಳಗೆ ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಟ್ಯಾಂಕ್ ತುಳುಕಿ ಬಿದ್ದ ಡೀಸೆಲ್. ಇವುಗಳ ಮೇಲೆ ಹೋಗಲೇಬೇಕಾದರೆ ಬ್ರೇಕಿಲ್ಲದೆ, ಗೇರ್ ಬದಲಿಸದೆ, ನೇರವಾಗಿ ದಾಟಿ.

ಎಚ್ಚರಿಕೆಯ ಗುರುತುಗಳು ಗಾಡಿಯಿಂದಲೂ ಬರುತ್ತವೆ. ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಹಗುರಾದರೆ ಮುಂದಿನ ಟೈರು ನೀರಿನ ಮೇಲಿದೆ. ಟೈರಿನ ನೀರು ಸೀಳುವ ಶಬ್ದ ನಿಂತರೂ ಅದೇ. ಆರ್‌ಪಿಎಂ ಮುಳ್ಳು ಏರಿದರೂ ವೇಗ ಏರದಿದ್ದರೆ ಹಿಂದಿನ ಚಕ್ರ ತಿರುಗುತ್ತಿದೆ. ಮೂರರಲ್ಲಿ ಯಾವುದು ಆದರೂ ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಬ್ರೇಕ್ ಮುಟ್ಟಬೇಡಿ.

## ಹಂತ 7: ಹತ್ತುವಾಗ

ಬುಡದಲ್ಲಿ ಕಾಯಿರಿ. ಮುಂದಿನ ಲಾರಿ ಹಿಮ್ಮುರಿ ತಿರುವು ದಾಟುವವರೆಗೆ ನೀವು ಏರಿಗೆ ಕೈ ಹಾಕಬೇಡಿ. ದೇವಿಮನೆಯಲ್ಲಿ ಸಿಕ್ಕಿಬೀಳುವವರಲ್ಲಿ ತುಂಬ ಜನರಿಗೆ ಜಾರಿದ್ದು ರಸ್ತೆಯಿಂದಲ್ಲ. ಮುಂದಿನವನು ನಿಂತ, ಇವರೂ ಏರಿನಲ್ಲೇ ನಿಲ್ಲಬೇಕಾಯಿತು, ಮತ್ತೆ ಎತ್ತುವಾಗ ಚಕ್ರ ತಿರುಗಿತು. ನಿಲ್ಲದೆ ಹೋದರೆ ಹತ್ತುತ್ತಿದ್ದ ಗಾಡಿ ಅದು.

ತಿರುವು ಕಾಣುವ ಮೊದಲೇ ಗೇರ್ ಇಳಿಸಿ. ಇಡೀ ತಿರುವನ್ನು ಒಂದೇ ಗೇರಿನಲ್ಲಿ, ಒಂದೇ ಕಾಲಿನ ಒತ್ತಿನಲ್ಲಿ ದಾಟಬೇಕು. ಏರಿನ ನಡುವೆ ಕ್ಲಚ್ ಒತ್ತಿ ಬಿಟ್ಟಾಗ ಬರುವ ಜಗ್ಗಿಗೇ ಚಕ್ರದ ಹಿಡಿತ ತಪ್ಪುತ್ತದೆ. ಅತಿ ಕೆಳಗಿನ ಗೇರೂ ಒಳ್ಳೆಯದಲ್ಲ. ಮೊದಲ ಗೇರಿನಲ್ಲಿ ಬಲ ಜಾಸ್ತಿ, ಚಕ್ರ ಬೇಗ ತಿರುಗಿ ಬಿಡುತ್ತದೆ. ಹಗುರ ಲೋಡಿಗೆ ಎರಡನೆಯದರಲ್ಲಿ ಎತ್ತಿ.

## ಹಂತ 8: ಚಕ್ರ ನಿಂತಲ್ಲೇ ತಿರುಗಿದರೆ

ಕಾಲು ತೆಗೆಯಿರಿ. ಇದು ಮೊದಲನೆಯದು, ಇದನ್ನೇ ಯಾರೂ ಮಾಡುವುದಿಲ್ಲ. ಜೋರಾಗಿ ತಿರುಗಿಸಿದಷ್ಟೂ ಕೆಳಗಿನ ಮಣ್ಣು ನುಣ್ಣಗಾಗಿ ಗುಂಡಿ ಆಳವಾಗುತ್ತದೆ.

ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಕ್ಲೀನರ್ ಮರದ ತುಂಡು ಕೊಡಲಿ. ಮರ ಕೊಡುವಾಗ ಚಕ್ರದ ಪಕ್ಕದಲ್ಲಿ ನಿಂತು ಕೊಡಬೇಕು, ಹಿಂದೆ ನಿಲ್ಲಬಾರದು. ಹಿಂದೆ ಐವತ್ತು ಹೆಜ್ಜೆ ದೂರ ತ್ರಿಕೋನ ಇಡಿ. ಆಮೇಲೆ ಗುದ್ದಲಿಯಿಂದ ಎಳೆಯುವ ಚಕ್ರದ ಮುಂದಿನ ರಾಡಿ ಬಾಚಿ ಗಟ್ಟಿ ನೆಲ ತನ್ನಿ. ಅಲ್ಲಿ ಜಲ್ಲಿ ಹರಡಿ, ಮೇಲೆ ಗೋಣಿ ಹಾಸಿ, ಅಂಚನ್ನು ಟೈರಿನ ಅಡಿಗೆ ತುರುಕಿ. ಎರಡೂ ಬದಿಗೆ ಹಾಕಿ. ಒಂದೇ ಬದಿಗೆ ಹಾಕಿದರೆ, ಎರಡೂ ಬದಿಯ ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ ಸುಲಭದ ಬದಿಗೆ ತಿರುಗುತ್ತದೆ, ನಿಮ್ಮ ಶ್ರಮ ವ್ಯರ್ಥ.

ಪಕ್ಕದ ಕಾಡಿನಿಂದ ಹಸಿ ಸೊಪ್ಪು ಕಡಿದು ಹಾಕುವುದು ದೊಡ್ಡ ತಪ್ಪು. ಸೊಪ್ಪು ಜಜ್ಜಿ ಲೋಳೆಯಾಗುತ್ತದೆ. ಒದ್ದೆ ಅಡಿಕೆ ಹಾಳೆ ಅದಕ್ಕಿಂತ ಕಷ್ಟ, ಚಿಕ್ಕವರಿದ್ದಾಗ ಅದರ ಮೇಲೆ ಕೂತು ಜಾರಿ ಆಡಿದವರಿಗೆ ಹೇಳಬೇಕಾಗಿಲ್ಲ.

ಎರಡೂ ಬದಿಯ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಇದ್ದರೆ ಚಕ್ರ ನಿಂತಿರುವಾಗ, ಸ್ಟೇರಿಂಗ್ ನೇರ ಇರುವಾಗ ಹಾಕಿ. ಗಟ್ಟಿ ರಸ್ತೆಗೆ ಬಂದ ಕೂಡಲೇ ತೆಗೆಯಿರಿ. ಹಾಕಿಕೊಂಡೇ ತಿರುವು ಹೊಡೆದರೆ ಗಾಡಿ ನೇರ ಹೋಗುತ್ತದೆ, ಇಲ್ಲವೇ ಒಳಗಿನ ಹಲ್ಲು ಮುರಿಯುತ್ತದೆ. ಎತ್ತುವಾಗ ಹಿಂದೆ ಮುಂದೆ ಯಾರೂ ನಿಲ್ಲದಿರಲಿ. ಗೋಣಿ, ಜಲ್ಲಿ ಎರಡೂ ಹಾರುತ್ತವೆ. ಎರಡು ಸಲ ಆಗದಿದ್ದರೆ ಮೂರನೆಯದಕ್ಕೆ ಎಳೆಯುವ ಗಾಡಿ ಕರೆಸಿ.

## ಹಂತ 9: ಇಳಿಯುವಾಗ

ಮೇಲೆ ಸಮತಟ್ಟಿನಲ್ಲೇ ನಿಲ್ಲಿಸಿ. ದೇವಿಮನೆಯ ಗುಡಿಯ ಮುಂದೆ ಕೈ ಮುಗಿಯಲು ನಿಲ್ಲಿಸುತ್ತೀರಲ್ಲ, ಅದೇ ಹೊತ್ತಿನಲ್ಲಿ ಏರ್ ಮುಳ್ಳು ನೋಡಿ, ಬ್ರೇಕ್ ಒಮ್ಮೆ ಒತ್ತಿ ನೋಡಿ. ಇಳಿಯುವ ಗೇರನ್ನು ಅಲ್ಲೇ ಹಾಕಿಕೊಳ್ಳಿ. ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದರಲ್ಲೇ ಅಥವಾ ಅದಕ್ಕೂ ಕೆಳಗಿನದರಲ್ಲಿ ಇಳಿಯಬೇಕು. ಇಳಿಜಾರಿನಲ್ಲಿ ವೇಗ ಬಂದ ಮೇಲೆ ಕೆಳಗಿನ ಗೇರ್ ಬೀಳುವುದಿಲ್ಲ. ಬಿದ್ದರೂ ಒದ್ದೆ ರಸ್ತೆಯಲ್ಲಿ ಆ ಹೊಡೆತಕ್ಕೆ ಚಕ್ರ ಲಾಕ್ ಆದ ಹಾಗೆ ಜಾರುತ್ತದೆ.

ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವವರು ಇನ್ನೂ ಇದ್ದಾರೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಹಿಡಿಯುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ. ಇಂಜಿನ್ ನಿಧಾನ ಓಡುವುದರಿಂದ ಕಂಪ್ರೆಸರ್ ಗಾಳಿ ತುಂಬುವುದೂ ನಿಧಾನ. ನೀವು ಮೇಲಿಂದ ಮೇಲೆ ಒತ್ತಿ ಖರ್ಚು ಮಾಡುತ್ತೀರಿ, ಅದು ತುಂಬಿಸಲಾರದು. ನಾನು ಈ ಒಂದು ವಿಷಯದಲ್ಲಿ ಯಾರ ಹತ್ತಿರವೂ ವಾದ ಮಾಡುವುದಿಲ್ಲ, ಗಾಡಿ ಕೀಲಿ ವಾಪಸ್ ಕೇಳುತ್ತೇನೆ.

ಬ್ರೇಕ್ ಒತ್ತುವ ಕ್ರಮ ಹೀಗಿರಲಿ. ನಿಮ್ಮ ಮಿತಿ 25 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ವೇಗ 25 ಮುಟ್ಟಿದಾಗ ನೇರ ರಸ್ತೆಯಲ್ಲಿ ಗಟ್ಟಿಯಾಗಿ, ಆದರೆ ಜಗ್ಗು ಬರದ ಹಾಗೆ ಒತ್ತಿ 15ಕ್ಕೆ ತನ್ನಿ. ಪೂರ್ತಿ ಬಿಡಿ. ಮತ್ತೆ 25 ಆಗುವ ತನಕ ಇಂಜಿನ್ ಹಿಡಿಯಲಿ. ಸದಾ ಕಾಲು ಇಟ್ಟುಕೊಂಡೇ ಇಳಿದರೆ ಬ್ರೇಕ್ ಡ್ರಮ್ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಟಕ ಟಕ ಎಂದು ಬೇಗ ಬೇಗ ಒತ್ತಿದರೆ ಗಾಳಿ ಹೋಗುತ್ತದೆ. ಮುಳ್ಳು 5 ಬಾರ್‌ಗೆ ಇಳಿದರೆ ಅಥವಾ ಬಜರ್ ಕೂಗಿದರೆ ನಿಲ್ಲಿಸಲು ಜಾಗ ಹುಡುಕಿ, ಮುಂದೆ ಹೋಗಬೇಡಿ.

ಬ್ರೇಕಿನ ಕೆಲಸ ತಿರುವಿಗೆ ಮೊದಲೇ ಮುಗಿಯಲಿ. ತಿರುವಿನಲ್ಲಿ ಸ್ಟೇರಿಂಗ್ ಮಾತ್ರ. ವೇಗ 40ರಿಂದ 60ಕ್ಕೆ ಹೋದರೆ ಒಂದೂವರೆ ಪಟ್ಟು, ನಿಲ್ಲಲು ಬೇಕಾದ ದೂರ ಎರಡೂಕಾಲು ಪಟ್ಟು. ಘಟ್ಟ ಮುಗಿದು ಸುಂಕಸಾಳದ ಕಡೆ ರಸ್ತೆ ನೇರ ಆದ ಕೂಡಲೇ ಕಾಲು ಒತ್ತುವವರು ಈ ಲೆಕ್ಕ ಮರೆಯುತ್ತಾರೆ.

## ಹಂತ 10: ಜಾರಿಯೇ ಬಿಟ್ಟರೆ

ಹಿಂಭಾಗ ಹೊರಗೆ ಬಂತು ಅಂದರೆ ಮೊದಲು ಬ್ರೇಕ್ ಬಿಡಿ, ಎಕ್ಸಾಸ್ಟ್ ಆಫ್ ಮಾಡಿ, ಕ್ಲಚ್ ಒತ್ತಿ. ಕ್ಲಚ್ ಒತ್ತಿದಾಗ ಹಿಂದಿನ ಚಕ್ರ ಇಂಜಿನ್ನಿನಿಂದ ಬಿಡುಗಡೆಯಾಗಿ ಉರುಳಲು ಶುರುವಾಗುತ್ತದೆ. ಉರುಳುವ ಚಕ್ರಕ್ಕೆ ಹಿಡಿತ ವಾಪಸ್ ಬರುತ್ತದೆ, ಜಾರುವ ಚಕ್ರಕ್ಕೆ ಬರುವುದಿಲ್ಲ. ಕಣ್ಣು ರಸ್ತೆ ಹೋಗುವ ಕಡೆ ಇರಲಿ, ಕಂದಕದ ಕಡೆ ಬೇಡ. ಸ್ಟೇರಿಂಗ್ ಆ ಕಡೆಗೆ ಸ್ವಲ್ಪವೇ ಕೊಡಿ, ಗಾಡಿ ನೇರ ಆಗುತ್ತಿದ್ದ ಹಾಗೆ ವಾಪಸ್ ತನ್ನಿ. ಗಾಡಿ ನೇರ ಆದ ಕೂಡಲೇ ಕ್ಲಚ್ ಮೆಲ್ಲಗೆ ಬಿಡಿ, ಇಳಿಜಾರಿನಲ್ಲಿ ಇಂಜಿನ್ ಇಲ್ಲದೆ ಓಡಬಾರದು.

ಮುಂಭಾಗ ತಿರುಗದೆ ನೇರ ಹೋಗುತ್ತಿದ್ದರೆ ಸ್ಟೇರಿಂಗ್ ಇನ್ನೂ ಮುರಿಯಬೇಡಿ. ಬ್ರೇಕ್ ಬಿಟ್ಟು ಸ್ಟೇರಿಂಗ್ ಸ್ವಲ್ಪ ಸಡಿಲಿಸಿ. ಟೈರು ರಸ್ತೆ ಕಚ್ಚಿದ್ದು ಕೈಗೆ ಗೊತ್ತಾಗುತ್ತದೆ, ಆಗ ತಿರುಗಿಸಿ. ಎಬಿಎಸ್ ಇರುವ ಗಾಡಿಯಲ್ಲಿ ತುರ್ತು ಬ್ರೇಕ್ ಬೇಕಾದರೆ ಒತ್ತಿ ಹಿಡಿಯಿರಿ, ಪಂಪ್ ಮಾಡಬೇಡಿ.

ಈ ಹಂತವನ್ನು ಓದಿ ಕಲಿಯಲು ಆಗುವುದಿಲ್ಲ. ಮಳೆ ಬಂದ ದಿನ ಖಾಲಿ ಮೈದಾನದಲ್ಲಿ 15 ಕಿಲೋಮೀಟರ್ ವೇಗದಲ್ಲಿ ಒಮ್ಮೆ ಬ್ರೇಕ್ ಜಾರಿಸಿ, ಬಿಟ್ಟು ನೋಡಿ. ಕಾಲಿಗೆ ಒಮ್ಮೆ ಗೊತ್ತಾದರೆ ಸಾಕು.

## ಹಂತ 11: ನಿಲ್ಲಿಸುವುದು ಎಲ್ಲಿ

ಸುಸ್ತಾದಾಗ, ಮಳೆ ಜೋರಾದಾಗ ನಿಲ್ಲಿಸಿ. ಆದರೆ ಗುಡ್ಡ ಕಡಿದ ಬದಿಯಲ್ಲಿ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದದ್ದು ನಮಗೆ ಯಾರಿಗೂ ಮರೆಯುವಂಥದ್ದಲ್ಲ. ಗಂಗಾವಳಿ ನದಿಯ ತಳದಿಂದ ಒಂದು ಲಾರಿಯನ್ನು, ಅದರೊಳಗಿದ್ದ ಚಾಲಕನ ದೇಹವನ್ನು ಮೇಲೆತ್ತಿದ್ದು ಸೆಪ್ಟೆಂಬರಿನಲ್ಲಿ. ಗುಡ್ಡದಿಂದ ಸಣ್ಣ ಕಲ್ಲು ಉದುರುತ್ತಿದ್ದರೆ, ತಿಳಿಯಾಗಿ ಒಸರುತ್ತಿದ್ದ ನೀರು ಕೆಂಪಾದರೆ, ಮರ ಅಥವಾ ಕಂಬ ರಸ್ತೆ ಕಡೆ ವಾಲಿದ್ದರೆ ಧರೆ ಸಡಿಲ ಆಗಿದೆ ಎಂದರ್ಥ. ಅಲ್ಲಿ ಚಾ ಅಂಗಡಿ ಇದ್ದರೂ ನಿಲ್ಲಿಸಬೇಡಿ. ಕಂದಕದ ಬದಿಯ ಮಣ್ಣಿಗೂ ಇಳಿಸಬೇಡಿ, ನೆನೆದ ಅಂಚು ಭಾರಕ್ಕೆ ಬಾಯಿ ಬಿಡುತ್ತದೆ. ಘಟ್ಟದಲ್ಲಿ ಭಾರೀ ವಾಹನ ತಡೆದಿದ್ದಾರೆ ಎಂದರೆ ಕಳ್ಳದಾರಿ ಹುಡುಕಬೇಡಿ, ಊರಿನ ಬಯಲಿನಲ್ಲಿ ಕಾಯಿರಿ.

ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ರಸ್ತೆಯ ಅಂಚು ಕಾಣದಿದ್ದರೆ ಇಳಿಯಬೇಡಿ. ನೀರು ದಾಟಿ ಬಂದಿದ್ದರೆ ನಿಧಾನ ವೇಗದಲ್ಲಿ ಎರಡು ಮೂರು ಸಲ ಹಗುರಾಗಿ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ.

ಘಟ್ಟ ಇಳಿದು ಬಯಲಿಗೆ ಬಂದ ಮೇಲೆ ಇನ್ನೊಂದು ಕೆಲಸ ಇದೆ. ಐದು ನಿಮಿಷ ನಿಲ್ಲಿಸಿ ಪ್ರತಿ ಚಕ್ರದ ಹತ್ತಿರ ಹೋಗಿ. ಡ್ರಮ್ ಮುಟ್ಟಬೇಡಿ. ಅಂಗೈ ಹಿಂಭಾಗವನ್ನು ನಾಲ್ಕು ಬೆರಳು ದೂರದಲ್ಲಿ ಹಿಡಿದು ಬಿಸಿ ನೋಡಿ. ಎಲ್ಲವೂ ಒಂದೇ ಸಮ ಕಾದಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಆ ಬ್ರೇಕ್ ಬಿಡುತ್ತಿಲ್ಲ. ಒಂದು ಮಾತ್ರ ತಣ್ಣಗಿದ್ದರೆ ಅದು ಇಡೀ ಘಟ್ಟದಲ್ಲಿ ಕೆಲಸವೇ ಮಾಡಿಲ್ಲ, ಅದರ ಪಾಲನ್ನು ಉಳಿದ ಚಕ್ರಗಳು ಹೊತ್ತಿವೆ. ಯಾವ ಚಕ್ರ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮತ್ತೆ ಹತ್ತುವ ಮೊದಲು ಮೆಕ್ಯಾನಿಕ್‌ಗೆ ತೋರಿಸಿ.